ಗ್ದಾನ್‌ಸ್ಕ್‌ನ ದಕ್ಕೆ

ಪೋಲೆಂಡಿನ ಗ್ದಾನ್‌ಸ್ಕ್ ತಲುಪಿದ ಮರುದಿನ ಬೆಳಗ್ಗೆ ನಾನು ಮಾಡಿದ ಮೊದಲ ಕೆಲಸ, ಬಾಲ್ಟಿಕ್ ಸಮುದ್ರಕ್ಕೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದ್ದು.

“ಅಮ್ಮ, ಎಂತ ಮಾಡ್ತಾ ಇದ್ದೀ?” ಅಂದಳು ಮಗಳು.

“ಉಪ್ಪೇ ಇಲ್ಲ ಮಗಾ ಇದಕ್ಕೆ” ಅಂದೆ.

ಪೂರ್ತಿ ಇಲ್ಲ ಅಂತಲ್ಲ. ನಮ್ಮ ಅರಬ್ಬಿ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದ್ದರೆ, ಇಲ್ಲಿ ಸುಮಾರು 7 ಗ್ರಾಂ ಅಷ್ಟೇ. ಬಾಲ್ಟಿಕ್‌ಗೆ ಸುತ್ತಲಿಂದ ನದಿಗಳು ಬಂದು ಸೇರುತ್ತಲೇ ಇರುತ್ತವೆ. ಹೊರಗಿನ ಉಪ್ಪು ನೀರು ಒಳಗೆ ಬರಬೇಕಾದರೆ ಡೆನ್ಮಾರ್ಕ್ ಹತ್ತಿರದ ಇಕ್ಕಟ್ಟು ದಾರಿಯಲ್ಲೇ ಬರಬೇಕು. ಹಾಗಾಗಿ ರುಚಿ ಅರ್ಧ ಸಮುದ್ರ, ಅರ್ಧ ಹೊಳೆ. ಮಳೆಗಾಲದಲ್ಲಿ ನಮ್ಮ ಅಳಿವೆ ಬಾಗಿಲಿನ ನೀರು ಹೀಗೇ ಇರುತ್ತದೆ. ಬಾಲ್ಟಿಕ್‌ನಲ್ಲಿ ಉಬ್ಬರ ಇಳಿತ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. ಬೆಳಗ್ಗೆ ಮರಳಿನ ಮೇಲೆ ನೀರು ಎಲ್ಲಿತ್ತೋ ಸಂಜೆಯೂ ಹೆಚ್ಚುಕಡಿಮೆ ಅಲ್ಲೇ. ಅಲೆಯ ಮೇಲೆ ಬಿಳಿ ಹಂಸಗಳು ತೇಲುತ್ತಿದ್ದವು. ಸಮುದ್ರದಲ್ಲಿ ಹಂಸ! ನಾನು ಹಂಸವನ್ನು ಕೆರೆಯ ಚಿತ್ರದಲ್ಲಿ ಮಾತ್ರ ನೋಡಿದ್ದವಳು.

ನಾನು ಮಂಗಳೂರಿನವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮಗಳು ಎರಡು ವರ್ಷದಿಂದ ಪೋಲೆಂಡಿನ ಈ ಊರಿನಲ್ಲಿ ಓದುತ್ತಿದ್ದಾಳೆ. “ಬಂದು ನೋಡು, ನಿನಗೆ ಇಷ್ಟ ಆಗ್ತದೆ, ಇದೂ ಬಂದರು” ಅಂತ ಹೇಳಿ ಹೇಳಿ ಕೊನೆಗೆ ಸೆಪ್ಟೆಂಬರಿನಲ್ಲಿ ಹತ್ತು ದಿನಕ್ಕೆ ಕರೆಸಿಕೊಂಡಳು. “ಇದೂ ಬಂದರು” ಅನ್ನುವ ಮಾತು ನನ್ನನ್ನು ಎಷ್ಟು ಎಳೆಯಿತು ಅಂತ ಅವಳಿಗೆ ಗೊತ್ತಿತ್ತು. ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಮಂಗಳೂರಿನ ಹಳೇ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಅಕ್ಕಿ, ಬೆಲ್ಲ, ಒಣಮೀನು, ಹೆಂಚು. ತಲೆಯ ಮೇಲೆ ಸಿಂಬೆ ಇಟ್ಟು, ಹಡಗು ಬಂದು ನಿಲ್ಲುವ ದಕ್ಕೆಯಿಂದ ಮಂಜಿಗೆ, ಅಂದರೆ ಸರಕಿನ ಮರದ ಹಡಗಿಗೆ ಹಾಕಿದ ಹಲಗೆಯ ಮೇಲೆ ಬರಿಗಾಲಲ್ಲಿ ನಡೆಯುವುದು. ಹಲಗೆ ಬಾಗುತ್ತದೆ, ಮಂಜಿ ಅಲ್ಲಾಡುತ್ತದೆ, ತಲೆಯ ಮೇಲಿನ ಭಾರ ಮಾತ್ರ ಅಲ್ಲಾಡಬಾರದು. ಅಜ್ಜನ ಕುತ್ತಿಗೆಯ ಹಿಂದೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಇತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅದು ನೋಯುವುದಿಲ್ಲ ಅನ್ನುತ್ತಿದ್ದರು.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ಗ್ದಾನ್‌ಸ್ಕ್‌ನಲ್ಲಿ ನಾನು ನೋಡಿದ್ದನ್ನೆಲ್ಲ ಅದೇ ಕಣ್ಣಿನಲ್ಲಿ ನೋಡಿದೆ.

ಹಳೇ ಊರು ಸಮುದ್ರದ ದಂಡೆಯಲ್ಲಿ ಇಲ್ಲ. ಮೊತ್ವಾವಾ ಅನ್ನುವ ಹೊಳೆಯ ದಂಡೆಯಲ್ಲಿದೆ. ಆ ಹೊಳೆ ವಿಸ್ಟುಲಾ ನದಿಯ ಕವಲಿಗೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಗುರುಪುರ ಹೊಳೆಯ ಮಗ್ಗುಲಲ್ಲಿ ನಮ್ಮ ಹಳೇ ಬಂದರು ಇರುವ ಹಾಗೇ. ಗಾಳಿ, ಅಲೆಯಿಂದ ಹಡಗಿಗೆ ರಕ್ಷಣೆ ಬೇಕಲ್ವಾ? ಬಂದರು ಕಟ್ಟಿದವರೆಲ್ಲ ಎಲ್ಲ ಕಡೆ ಒಂದೇ ಥರ ಯೋಚಿಸಿದ್ದಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಮಂಜಿಗಳು ದಡ ಸೇರಿ ಕೂರುತ್ತವೆ. ಇಲ್ಲಿ ಹಿಂದಿನ ಕಾಲದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಹಡಗು ಬಿಡುವಂತಿಲ್ಲ ಅಂತ ವ್ಯಾಪಾರಿಗಳ ಹಾನ್ಸಾ ಕೂಟವೇ ನಿಯಮ ಮಾಡಿತ್ತು. ಉತ್ತರ ಜರ್ಮನಿಯ ಲ್ಯೂಬೆಕ್‌ನಿಂದ ಬಾಲ್ಟಿಕ್ ಸುತ್ತ ಎಷ್ಟೋ ಬಂದರುಗಳು ಸೇರಿ ಮಾಡಿಕೊಂಡಿದ್ದ ಕೂಟ ಅದು. ಗ್ದಾನ್‌ಸ್ಕ್ ಅದರಲ್ಲಿ ದೊಡ್ಡ ಹೆಸರು. ಜರ್ಮನ್ ಭಾಷೆಯಲ್ಲಿ ಊರಿನ ಹೆಸರು ಡಾನ್‌ಜಿಗ್.

ಸಂಜೆ ದಕ್ಕೆಗೆ ಹೋದೆವು. ಅವರ ಭಾಷೆಯಲ್ಲಿ ಅದಕ್ಕೆ ಉದ್ದ ದಕ್ಕೆ ಅಂತಲೇ ಹೆಸರು. ಕಲ್ಲು ಹಾಸಿದ ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಕಿರಿದಾದ ಎತ್ತರದ ಮನೆಗಳು. ನಡುವೆ ಒಂದು ಕಡೆ ಎರಡು ದಪ್ಪ ಇಟ್ಟಿಗೆಯ ಗೋಪುರ, ಅವುಗಳ ಮಧ್ಯೆ ಕಪ್ಪು ಮರದ ದೊಡ್ಡ ಗೂಡು. ಗೂಡಿನ ಮೂತಿ ಮುಂದಕ್ಕೆ ಚಾಚಿ ನೀರಿನ ಮೇಲೆ ಬಂದಿದೆ. ಅದರಿಂದ ಹಗ್ಗ, ಕೊಕ್ಕೆ ಇಳಿಬಿಟ್ಟಿದೆ. ನನಗೆ ಮೊದಲ ನೋಟಕ್ಕೆ ಅದು ಏನು ಅಂತಲೇ ತಿಳಿಯಲಿಲ್ಲ.

“ಕ್ರೇನ್ ಅಮ್ಮ” ಅಂದಳು ಮಗಳು. “ಆರು ನೂರು ವರ್ಷ ಹತ್ತಿರ ಆಯ್ತು.”

ಅದರ ಹೆಸರು ಝುರಾವ್. ಪೋಲಿಷ್‌ನಲ್ಲಿ ಝುರಾವ್ ಅಂದರೆ ಉದ್ದ ಕತ್ತಿನ, ಉದ್ದ ಕಾಲಿನ ಒಂದು ಹಕ್ಕಿ. ನಮ್ಮ ಕೊಕ್ಕರೆಯ ಹಾಗೆ ಕಾಣುವುದು. ಬಾವಿಯಿಂದ ನೀರೆತ್ತುವ ಏತಕ್ಕೂ ಅವರು ಅದೇ ಹೆಸರು ಹೇಳುತ್ತಾರಂತೆ. ಇದನ್ನು ಕೇಳಿ ನನಗೆ ತುಂಬಾ ಖುಷಿಯಾಯಿತು. ಬಗ್ಗಿ ನೀರು ಕುಡಿದು ಕತ್ತು ಎತ್ತುವ ಹಕ್ಕಿ, ಬಗ್ಗಿ ಕೊಡ ತುಂಬಿ ಎದ್ದು ನಿಲ್ಲುವ ಏತ, ಬಗ್ಗಿ ಹಡಗಿನಿಂದ ಪೀಪಾಯಿ ಎತ್ತುವ ಯಂತ್ರ. ನೋಡಿದವರು ಸರಿಯಾಗಿಯೇ ನೋಡಿದ್ದಾರೆ.

ಮೊದಲಿದ್ದ ಮರದ ಕ್ರೇನ್ 1442ರಲ್ಲಿ ಸುಟ್ಟುಹೋಯಿತು. 1444ರ ಹೊತ್ತಿಗೆ ಈ ಇಟ್ಟಿಗೆ ಗೋಪುರಗಳ ಜೊತೆ ಹೊಸದನ್ನು ಕಟ್ಟಿದರು. ಊರಿನ ಬಾಗಿಲು ಕೂಡ ಅದೇ. ಅದರ ಕೆಳಗಿನ ಕಮಾನಿನಲ್ಲಿ ನಿಂತು ತಲೆ ಎತ್ತಿದರೆ ಒಳಗಿನ ಚಕ್ರಗಳು ಕಾಣುತ್ತವೆ. ಮರದ ಚಕ್ರಗಳು, ಒಂದೊಂದೂ ಸುಮಾರು 6 ಮೀಟರ್ ಅಗಲ. ಅಂದರೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಆ ಚಕ್ರದ ಒಳಗೆ ಮನುಷ್ಯರು ನಡೆಯುತ್ತಿದ್ದರು. ಎತ್ತಲ್ಲ, ಕುದುರೆಯಲ್ಲ. ಮನುಷ್ಯರು. ಒಳಗಿನ ಅಡ್ಡಪಟ್ಟಿಗಳ ಮೇಲೆ ಹೆಜ್ಜೆ ಇಡುತ್ತಾ ಹೋದ ಹಾಗೆ ಚಕ್ರ ತಿರುಗುತ್ತದೆ, ಅಚ್ಚಿಗೆ ಹಗ್ಗ ಸುತ್ತಿಕೊಳ್ಳುತ್ತದೆ, ಕೆಳಗೆ ಹಡಗಿನಿಂದ ಭಾರ ಮೇಲೆ ಬರುತ್ತದೆ. 2 ಟನ್ ಭಾರವನ್ನು 27 ಮೀಟರ್ ಎತ್ತರಕ್ಕೆ ಎತ್ತುತ್ತಿದ್ದರು. ಸರಕು ಇಳಿಸುವುದು ಮಾತ್ರ ಅಲ್ಲ, ಹಡಗಿಗೆ ಕೂವೆಮರ ನಿಲ್ಲಿಸುವುದಕ್ಕೂ ಇದೇ ಬೇಕಿತ್ತು. ಅದಕ್ಕೇ ಅಷ್ಟು ಎತ್ತರ.

ನಾನು ಗಣಿತದವಳಲ್ವಾ, ಅಲ್ಲೇ ನಿಂತು ಲೆಕ್ಕ ಹಾಕಿದೆ. ಚಕ್ರ ಅಚ್ಚಿಗಿಂತ ಎಷ್ಟು ಪಟ್ಟು ದೊಡ್ಡದೋ, ಭಾರ ಅಷ್ಟು ಪಟ್ಟು ಹಗುರ ಅನಿಸುತ್ತದೆ. ಆದರೆ ಅಷ್ಟೇ ಪಟ್ಟು ಜಾಸ್ತಿ ನಡೆಯಬೇಕು. ಸುಮ್ನೆ ಹತ್ತು ಪಟ್ಟು ಅಂತ ಹಿಡಿಯೋಣ. ಭಾರ 27 ಮೀಟರ್ ಮೇಲೆ ಬರಬೇಕಾದರೆ ಒಳಗಿದ್ದವರು 270 ಮೀಟರ್ ನಡೆಯಬೇಕು. ಅದೂ ಸಮತಟ್ಟಿನ ದಾರಿಯಲ್ಲಲ್ಲ. ಚಕ್ರದ ಒಳಗೆ ಯಾವಾಗಲೂ ಏರು. ಎಷ್ಟು ನಡೆದರೂ ನಿಂತಲ್ಲೇ ಇರುತ್ತೀರಿ. ಕಿಟಕಿ ಇಲ್ಲ, ಹಡಗು ಕಾಣುವುದಿಲ್ಲ, ಎತ್ತುತ್ತಿರುವುದು ಏನು ಅಂತಲೂ ಕಾಣುವುದಿಲ್ಲ. ಹೊರಗಿನಿಂದ ಯಾರೋ ಕೂಗಿದಾಗ ನಡೆಯಬೇಕು, ಕೂಗಿದಾಗ ನಿಲ್ಲಬೇಕು. ಕಾಲು ಜಾರಿದರೆ ಭಾರದ ಎಳೆತಕ್ಕೆ ಚಕ್ರ ಹಿಂದಕ್ಕೆ ತಿರುಗುತ್ತದೆ, ಒಳಗಿದ್ದವರು ಒಳಗೇ ಇರುತ್ತಾರೆ. ಅಜ್ಜ ಹಲಗೆಯ ಮೇಲೆ ನಡೆಯುವಾಗ ಕನಿಷ್ಠ ಆಕಾಶ ಕಾಣುತ್ತಿತ್ತು.

ಒಳಗೆ ಮ್ಯೂಸಿಯಂ ಇದೆ. ದುರಸ್ತಿಗೆ ಅಂತ ಕೆಲವು ವರ್ಷ ಮುಚ್ಚಿದ್ದವರು 2024ರಲ್ಲಿ ಮತ್ತೆ ತೆರೆದಿದ್ದಾರೆ. ನಾನು ಎರಡು ದಿನ ಬಿಟ್ಟು ಒಬ್ಬಳೇ ಇನ್ನೊಂದು ಸಲ ಹೋದೆ. ಚಕ್ರದ ಪಕ್ಕ ತುಂಬ ಹೊತ್ತು ನಿಂತೆ. ಈಗಿರುವ ಮರ 1444ರದ್ದಲ್ಲ. 1945ರ ಯುದ್ಧದಲ್ಲಿ ಮರದ ಭಾಗ ಸುಟ್ಟುಹೋಗಿತ್ತು, ಆಮೇಲೆ ಹೊಸದಾಗಿ ಮಾಡಿದರು. ಅದು ಗೊತ್ತಿದ್ದರೂ ಆ ಪಟ್ಟಿಗಳನ್ನು ನೋಡುವಾಗ ನನಗೆ ಕಾಲುಗಳೇ ಕಾಣುತ್ತಿದ್ದವು. ಇದನ್ನು ಕಟ್ಟಲು ದುಡ್ಡು ಹಾಕಿದವರ ಮನೆಗಳು, ಅವರ ಬಣ್ಣದ ಚಿತ್ರಗಳು ಊರಿನಲ್ಲಿ ಇವೆ. ಒಳಗೆ ನಡೆದವರ ಒಂದು ಹೆಸರಾದರೂ ಇದೆಯಾ ಅಂತ ನಾನು ಗೋಡೆಗಳಲ್ಲಿ ಹುಡುಕಿದೆ. ಸಿಗಲಿಲ್ಲ.

ಎದುರು ದಡದಲ್ಲಿ ಕಣಜಗಳ ದ್ವೀಪ. ಹದಿನಾರು, ಹದಿನೇಳನೇ ಶತಮಾನದಲ್ಲಿ ಅಲ್ಲಿ 300ಕ್ಕೂ ಜಾಸ್ತಿ ಕಣಜಗಳಿದ್ದವು. ಪೋಲೆಂಡಿನ ಒಳಗಿನ ಗೋಧಿ, ರೈ ಧಾನ್ಯ ಎಲ್ಲ ವಿಸ್ಟುಲಾ ನದಿಯಲ್ಲಿ ತೇಲಿಕೊಂಡು ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಿತ್ತು. ಮರದ ದಿಮ್ಮಿಗಳನ್ನೇ ಕಟ್ಟಿ ತೆಪ್ಪ ಮಾಡಿಕೊಂಡು ವಾರಗಟ್ಟಲೆ ತೇಲಿ ಬರುವ ಜನ ಇದ್ದರು. ಇಲ್ಲಿ ದಿಮ್ಮಿ ಮಾರಿದ ಮೇಲೆ ತೆಪ್ಪವೇ ಇಲ್ಲವಲ್ಲ, ಮನೆಗೆ ನಡೆದೇ ಹೋಗುತ್ತಿದ್ದರು. ನೂರಾರು ಕಿಲೋಮೀಟರ್. ಯುದ್ಧದಲ್ಲಿ ಸುಟ್ಟ ಕಣಜಗಳು ಎಷ್ಟೋ ವರ್ಷ ಹಾಗೇ ಮೊಂಡುಗೋಡೆಯಾಗಿ ನಿಂತಿದ್ದವಂತೆ. ಈಗ ಆ ಜಾಗದಲ್ಲಿ ಕಣಜದ ಆಕಾರದಲ್ಲೇ ಹೋಟೆಲು, ಅಪಾರ್ಟ್‌ಮೆಂಟು ಎದ್ದಿವೆ.

ಪೇಟೆಯ ಬೀದಿಗಳ ಬಗ್ಗೆ ಹೇಳಲೇಬೇಕು. ದ್ವುಗಿ ತಾರ್ಗ್, ಅಂದರೆ ಉದ್ದ ಪೇಟೆ, ಊರಿನ ಎದೆಯ ಜಾಗ. ನಗರಸಭೆಯ ಹಳೇ ಕಟ್ಟಡ, ವ್ಯಾಪಾರಿಗಳು ಸೇರುತ್ತಿದ್ದ ಆರ್ತುಸ್ ಮಂಟಪ, ಅದರ ಮುಂದೆ 1633ರಲ್ಲಿ ನಿಲ್ಲಿಸಿದ ನೆಪ್ಚೂನ್ ಕಾರಂಜಿ. ಪ್ರವಾಸಿಗಳೆಲ್ಲ ಅಲ್ಲೇ ನಿಂತು ಫೋಟೋ ತೆಗೆಯುತ್ತಾರೆ, ನಾವೂ ತೆಗೆದೆವು. ಹತ್ತಿರದಲ್ಲೇ ಒಂದು ಕಂಬದಲ್ಲಿ ಥರ್ಮಾಮೀಟರ್ ಇಟ್ಟಿದ್ದಾರೆ, ಫ್ಯಾರನ್‌ಹೀಟ್ ನೆನಪಿಗೆ. 1686ರಲ್ಲಿ ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಮಕ್ಕಳಿಗೆ ಜ್ವರ ಬಂದಾಗ ನಾವು ಇವತ್ತಿಗೂ “ನೂರೆರಡು ಇದೆ” ಅನ್ನುತ್ತೇವಲ್ಲ, ಅದು ಇವರ ಲೆಕ್ಕ. ಮಗಳಿಗೆ ನೂರನಾಲ್ಕು ಬಂದ ರಾತ್ರಿಗಳನ್ನು ನೆನೆಸಿಕೊಂಡು ಆ ಕಂಬಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ನನಗೆ ಹೆಚ್ಚು ಇಷ್ಟವಾದದ್ದು ಮಾರಿಯಾತ್ಸ್ಕಾ ಬೀದಿ. ಚಿಕ್ಕ ಬೀದಿ. ಪ್ರತಿ ಮನೆಯ ಮುಂದೆ ಜಗಲಿ! ಬೀದಿಗಿಂತ ನಾಲ್ಕೈದು ಮೆಟ್ಟಿಲು ಎತ್ತರದಲ್ಲಿ, ಕೆತ್ತನೆಯ ಕಲ್ಲಿನ ಕಟಕಟೆ ಇರುವ ಜಗಲಿ. ಅದರ ಕೆಳಗೆ ನೆಲಮಾಳಿಗೆ. ಮಳೆಯ ನೀರು ಹೊರಗೆ ಬೀಳಲು ಕಲ್ಲಿನ ಮೃಗಗಳ ಬಾಯಿ. ಒಂದು ಮಧ್ಯಾಹ್ನ ಜೋರು ಮಳೆ ಬಂತು. ನಾವು ಒಂದು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆವು. ಆ ಬೀದಿಯ ಮೃಗಗಳೆಲ್ಲ ಒಟ್ಟಿಗೆ ಬಾಯಿಂದ ನೀರು ಬಿಡಲು ಶುರು ಮಾಡಿದವು. ನಮ್ಮ ಹಂಚಿನ ಮನೆಯ ಇಳಿಮಾಡಿನಿಂದ ನೀರು ಬೀಳುವ ಸದ್ದೇ ಅದು. ಕಣ್ಣು ಮುಚ್ಚಿದರೆ ಮಂಗಳೂರಿನ ಬೋಳಾರದ ನಮ್ಮ ಮನೆ.

ಬೀದಿಯ ತುದಿಯಲ್ಲಿ ಸೇಂಟ್ ಮೇರಿ ಚರ್ಚು. 1343ರಲ್ಲಿ ಶುರು ಮಾಡಿ 1502ರಲ್ಲಿ ಮುಗಿಸಿದ್ದು. ಪೂರ್ತಿ ಸುಟ್ಟ ಇಟ್ಟಿಗೆ. ಜಗತ್ತಿನ ಅತಿ ದೊಡ್ಡ ಇಟ್ಟಿಗೆ ಚರ್ಚುಗಳಲ್ಲಿ ಒಂದು. ಈ ಕಡೆ ಕಟ್ಟುವ ಕಲ್ಲು ಸಿಗುವುದಿಲ್ಲ, ಮಣ್ಣು ಸಿಗುತ್ತದೆ. ಹಾಗಾಗಿ ಬಾಲ್ಟಿಕ್ ಸುತ್ತ ಎಲ್ಲ ಕಡೆ ಈ ಕೆಂಪು. ಹೆಂಚಿನ ಊರಿನಿಂದ ಹೋದ ನನಗೆ ಆ ಕೆಂಪು ಬೇರೆಯವರ ಬಣ್ಣ ಅನಿಸಲೇ ಇಲ್ಲ. ಒಳಗೆ ಹದಿನೈದನೇ ಶತಮಾನದ ದೊಡ್ಡ ಗಡಿಯಾರ ಇದೆ. ಗಂಟೆಯ ಜೊತೆ ತಿಥಿ, ಹಬ್ಬ, ಚಂದ್ರ ಎಲ್ಲ ತೋರಿಸುತ್ತದೆ, ಒಂಥರಾ ಮರದ ಪಂಚಾಂಗ. ಗೋಪುರಕ್ಕೆ 400 ಚಿಲ್ಲರೆ ಮೆಟ್ಟಿಲು. ಮಗಳು ಹತ್ತಿದಳು. ನನ್ನ ಮಂಡಿ ಒಪ್ಪಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಜಗಲಿಗಳು, ಆ ಕಿರಿದಾದ ಚಂದದ ಮನೆಗಳು, ಇವು ಯಾವುವೂ ನಾನಂದುಕೊಂಡಷ್ಟು ಹಳೆಯವಲ್ಲ. 1945ರ ಮಾರ್ಚಿನಲ್ಲಿ ಸೋವಿಯತ್ ಸೈನ್ಯ ಊರನ್ನು ಹಿಡಿದಾಗ ಹಳೇ ಪೇಟೆಯ ನೂರಕ್ಕೆ ಸುಮಾರು 90 ಭಾಗ ನೆಲಸಮ ಆಗಿತ್ತು. ಇಲ್ಲಿದ್ದ ಜರ್ಮನ್ ಜನರನ್ನು ಹೊರಗೆ ಕಳಿಸಿದರು. ಅವರ ಜಾಗಕ್ಕೆ ಪೋಲೆಂಡಿನ ಬೇರೆ ಬೇರೆ ಕಡೆಯಿಂದ ಜನ ಬಂದರು. ವಿಲ್ನಿಯಸ್‌ನಂಥ ಪೂರ್ವದ ಊರುಗಳನ್ನು ಕಳೆದುಕೊಂಡು ಬಂದವರೂ ಅವರಲ್ಲಿದ್ದರು. ಮನೆ ಕಳೆದುಕೊಂಡವರು ಬಂದು, ಬೇರೆ ಯಾರೋ ಕಳೆದುಕೊಂಡ ಊರನ್ನು ಮತ್ತೆ ಕಟ್ಟಿದರು. ಹಳೇ ಚಿತ್ರ, ಹಳೇ ಫೋಟೋ ನೋಡಿ, ಇಟ್ಟಿಗೆಯ ರಾಶಿಯಿಂದ ಕೆತ್ತನೆಯ ಕಲ್ಲುಗಳನ್ನು ಆರಿಸಿ ಮುಂಭಾಗಗಳನ್ನು ಮೊದಲಿನ ಹಾಗೇ ನಿಲ್ಲಿಸಿದರು.

ಆದರೆ ಒಳಗೆ ಮೊದಲಿನ ಹಾಗೆ ಮಾಡಲಿಲ್ಲ. ಒಳಗೆ ಕಟ್ಟಿದ್ದು ದುಡಿಯುವವರಿಗೆ ಫ್ಲ್ಯಾಟುಗಳನ್ನು. ಮುಂದಿನಿಂದ ಮೂರು ವ್ಯಾಪಾರಿಗಳ ಮೂರು ಮನೆ ಅಂತ ಕಾಣುವಲ್ಲಿ ಒಳಗೆ ಒಂದೇ ಮೆಟ್ಟಿಲು, ಎರಡೂ ಕಡೆ ಚಿಕ್ಕ ಚಿಕ್ಕ ಮನೆಗಳು. ಮಗಳು ಒಂದು ಸಂದಿಯಿಂದ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದಳು. ಹಿಂದೆ ಚಿನ್ನದ ಬಣ್ಣ ಇಲ್ಲ, ಕೆತ್ತನೆ ಇಲ್ಲ. ಸಾದಾ ಗಾರೆಯ ಗೋಡೆ, ನಡುವೆ ಹುಲ್ಲಿನ ಅಂಗಳ, ಎರಡು ಮರ, ಕಸದ ಡಬ್ಬಿ, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. ಒಬ್ಬ ಅಜ್ಜಿ ಕಿಟಕಿಯಲ್ಲಿ ಜೆರೇನಿಯಂ ಗಿಡಕ್ಕೆ ನೀರು ಹಾಕುತ್ತಿದ್ದರು. ಮೇಲಿನಿಂದ ನಮ್ಮನ್ನು ನೋಡಿ ತಲೆ ಆಡಿಸಿದರು. ನಾನು ಮಗಳು ಕಲಿಸಿಕೊಟ್ಟ ಹಾಗೆ “ಜೆನ್ ದೋಬ್ರಿ” ಅಂದೆ. ಆ ಹಿತ್ತಿಲು ನನಗೆ ಮುಂದಿನ ಬೀದಿಗಿಂತ ಜಾಸ್ತಿ ಹಿಡಿಸಿತು. ಗ್ದಾನ್‌ಸ್ಕ್‌ಗೆ ಹೋದವರು ದಯವಿಟ್ಟು ಒಂದು ಸಲವಾದರೂ ಹಿಂದಿನ ಅಂಗಳಕ್ಕೆ ಹೋಗಿ ನೋಡಿ.

ಊಟದ ಬಗ್ಗೆ ಎರಡು ಮಾತು. ಇಲ್ಲಿ ‘ಹಾಲಿನ ಬಾರ್’ ಅಂತ ಕರೆಯುವ ಕ್ಯಾಂಟೀನುಗಳಿವೆ. ದುಡಿಯುವವರಿಗೆ ಕಡಿಮೆ ದುಡ್ಡಿಗೆ ಬಿಸಿ ಊಟ ಸಿಗಲಿ ಅಂತ ಶುರುವಾದವು. ಇವತ್ತಿಗೂ ಸರ್ಕಾರ ಸ್ವಲ್ಪ ದುಡ್ಡು ಹಾಕುತ್ತದೆ. ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಪಿಯೆರೋಗಿ ನೋಡಲು ನಮ್ಮ ಕರ್ಜಿಕಾಯಿ ಆಕಾರ, ಆದರೆ ನೀರಲ್ಲಿ ಬೇಯಿಸಿದ್ದು. ಒಳಗೆ ಆಲೂಗಡ್ಡೆ, ಪನೀರಿನಂಥ ಬಿಳಿ ಚೀಸು, ಮೇಲೆ ಹುರಿದ ಈರುಳ್ಳಿ. ಬೀಟ್‌ರೂಟಿನ ಹುಳಿ ಸಾರು ಲೋಟದಲ್ಲಿ ಕೊಡುತ್ತಾರೆ, ನಮ್ಮ ಸಾರು ಕುಡಿದ ಹಾಗೇ ಕುಡಿಯಬಹುದು. ಹೆರಿಂಗ್ ಮೀನು ನಮ್ಮ ಬೂತಾಯಿಯ ಅಣ್ಣನ ಹಾಗೆ ಕಾಣುತ್ತದೆ. ಅದನ್ನು ಇವರು ಹೆಚ್ಚಾಗಿ ಬೇಯಿಸುವುದಿಲ್ಲ. ಉಪ್ಪಿನಲ್ಲಿಟ್ಟು, ಎಣ್ಣೆ, ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ಮೊದಲ ತುತ್ತು ಕಷ್ಟ ಆಯ್ತು. ಮೂರನೇ ದಿನ ನಾನೇ ಕೇಳಿ ಹಾಕಿಸಿಕೊಂಡೆ.

ಶಿಪ್‌ಯಾರ್ಡಿಗೆ ಹೋದದ್ದು ಐದನೇ ದಿನ. ಹಳೇ ಪೇಟೆಯಿಂದ ನಡೆದುಕೊಂಡೇ ಹೋಗಬಹುದು. ದೂರದಿಂದಲೇ ಕಬ್ಬಿಣದ ಕ್ರೇನುಗಳು ಕಾಣುತ್ತವೆ. ಮೊದಲು ಸಿಗುವುದು ಮೂರು ಶಿಲುಬೆಗಳ ಸ್ಮಾರಕ. 42 ಮೀಟರ್ ಎತ್ತರ, ತುದಿಯಲ್ಲಿ ಲಂಗರುಗಳು. 1970ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹತ್ತಿರ ಇರುವಾಗ ಸರ್ಕಾರ ಆಹಾರದ ಬೆಲೆ ಏಕ್‌ದಂ ಏರಿಸಿತು. ಕೆಲಸಗಾರರು ಬೀದಿಗೆ ಬಂದರು. ಅವರ ಮೇಲೆ ಗುಂಡು ಹಾರಿಸಿದರು. ಈ ಕರಾವಳಿಯ ಊರುಗಳಲ್ಲಿ 40ಕ್ಕೂ ಜಾಸ್ತಿ ಜನ ಸತ್ತರು. ಹತ್ತು ವರ್ಷ ಅವರ ಹೆಸರು ಎತ್ತುವ ಹಾಗಿರಲಿಲ್ಲ.

ಸ್ಮಾರಕದ ಹಿಂದೆ ಎರಡನೇ ನಂಬರ್ ಗೇಟು. ಅದರ ಪಕ್ಕ ತುಕ್ಕು ಹಿಡಿದ ಹಡಗಿನ ಬಣ್ಣದ ದೊಡ್ಡ ಕಟ್ಟಡ, ಸಾಲಿಡಾರಿಟಿ ಕೇಂದ್ರ. ಸಾಲಿಡಾರಿಟಿ ಅಂದರೆ 1980ರಲ್ಲಿ ಇಲ್ಲೇ ಹುಟ್ಟಿದ ಕೆಲಸಗಾರರ ಸ್ವತಂತ್ರ ಸಂಘ. ಕೇಂದ್ರ 2014ರಲ್ಲಿ ತೆರೆದದ್ದು. ಒಳಗೆ ಮೊದಲ ಕೋಣೆಯ ಸೂರಿನ ತುಂಬ ಕೆಲಸಗಾರರ ಹೆಲ್ಮೆಟ್ಟುಗಳು. ಅಲ್ಲೇ ಒಂದು ಕ್ರೇನಿನ ಕ್ಯಾಬಿನ್ ಇಟ್ಟಿದ್ದಾರೆ. ಒಬ್ಬರು ಕೂರುವಷ್ಟು ಜಾಗ. ಅಲ್ಲಿ ನನಗೆ ಅನ್ನಾ ವಲೆಂತಿನೋವಿಚ್ ಪರಿಚಯವಾದರು.

ಲೆಕ್ ವಲೇಸಾ ಹೆಸರು ನಮಗೆಲ್ಲ ಗೊತ್ತು. ಎಲೆಕ್ಟ್ರಿಷಿಯನ್, ಮುಷ್ಕರದ ನಾಯಕ, ನೊಬೆಲ್, ಆಮೇಲೆ ಪೋಲೆಂಡಿನ ಅಧ್ಯಕ್ಷ. ಅನ್ನಾ ಹೆಸರು ನಾನು ಕೇಳಿಯೇ ಇರಲಿಲ್ಲ. ಹುಟ್ಟಿದ್ದು 1929ರಲ್ಲಿ. ಯುದ್ಧದಲ್ಲಿ ಮನೆಯವರಿಂದ ದೂರವಾದವರು. 1950ರಲ್ಲಿ ಈ ಶಿಪ್‌ಯಾರ್ಡಿಗೆ ಬಂದು ವೆಲ್ಡಿಂಗ್ ಕಲಿತರು. ಕಾಯಿಲೆ ಬಂದ ಮೇಲೆ ವೆಲ್ಡಿಂಗ್ ಬಿಟ್ಟು ಕ್ರೇನ್ ಹತ್ತಿದರು. ಕೆಲಸಗಾರರಿಗೆ ಸ್ವಂತ ಸಂಘ ಬೇಕು ಅಂತ ಓಡಾಡಿದ್ದಕ್ಕೆ 1980ರ ಆಗಸ್ಟಿನಲ್ಲಿ ಅವರನ್ನು ಕೆಲಸದಿಂದ ತೆಗೆದರು. ಪಿಂಚಣಿಗೆ ಐದೇ ತಿಂಗಳು ಬಾಕಿ ಇತ್ತು. ಮೂವತ್ತು ವರ್ಷದ ದುಡಿಮೆ. ಐದು ತಿಂಗಳು!

ಆಗಸ್ಟ್ 14ರಂದು ಬೆಳಗ್ಗೆ ಶಿಪ್‌ಯಾರ್ಡಿನವರು ಕೆಲಸ ನಿಲ್ಲಿಸಿದರು. ಕೇಳಿದ ಮೊದಲ ಮಾತು, ಅನ್ನಾ ಅವರನ್ನು ವಾಪಸ್ ತೆಗೆದುಕೊಳ್ಳಿ. ನಿರ್ದೇಶಕರ ಕಾರನ್ನೇ ಕಳಿಸಿ ಅವರನ್ನು ಕರೆಸಿದರು. ಕ್ರೇನ್ ಓಡಿಸುವ ಹೆಂಗಸು ಸಾಹೇಬರ ಕಾರಿನಲ್ಲಿ ಬಂದು ಗೇಟಿನ ಒಳಗೆ ಇಳಿಯುವುದನ್ನು ಯೋಚಿಸಿ ನೋಡಿ.

ಎರಡು ದಿನದಲ್ಲಿ ಆಡಳಿತದವರು ಸಂಬಳ ಏರಿಸಲು ಒಪ್ಪಿದರು. ಮುಷ್ಕರ ಮುಗಿಯಿತು ಅಂತ ಎಲ್ಲರೂ ಮನೆಗೆ ಹೊರಟರು. ಆಗ ತಡೆದವರು ಹೆಂಗಸರು. ಬೇರೆ ಕಾರ್ಖಾನೆ, ಬೇರೆ ಡಿಪೋಗಳವರು ನಮಗಾಗಿ ಕೆಲಸ ನಿಲ್ಲಿಸಿದ್ದಾರೆ, ಅವರನ್ನು ನಡುದಾರಿಯಲ್ಲಿ ಬಿಡುವುದಾ ಅಂತ ಕೇಳಿದರು. ಅನ್ನಾ, ಶಿಪ್‌ಯಾರ್ಡಿನ ನರ್ಸ್ ಅಲಿನಾ ಪಿಯೆಂಕೋವ್‌ಸ್ಕಾ, ಟ್ರಾಂ ನಿಲ್ಲಿಸಿ ಬಂದಿದ್ದ ಚಾಲಕಿ ಹೆನ್ರಿಕಾ ಕ್ಷಿವೋನೊಸ್. ಗೇಟಿನ ಹತ್ತಿರ ಓಡಿ ಹೋಗಿ ಜನರನ್ನು ಒಳಗೇ ಉಳಿಸಿಕೊಂಡರು. ಅಲ್ಲಿಂದ ಅದು ಒಂದು ಶಿಪ್‌ಯಾರ್ಡಿನ ಜಗಳ ಆಗಿ ಉಳಿಯಲಿಲ್ಲ. 21 ಬೇಡಿಕೆಗಳನ್ನು ಪ್ಲೈವುಡ್ ಹಲಗೆಯ ಮೇಲೆ ಬರೆದು ಗೇಟಿಗೆ ತೂಗುಹಾಕಿದರು. ಸ್ವತಂತ್ರ ಸಂಘ ಮೊದಲನೆಯದು. ಮಕ್ಕಳಿಗೆ ನರ್ಸರಿ, ಬಾಣಂತಿಗೆ ಮೂರು ವರ್ಷ ಸಂಬಳದ ರಜೆ, ಶನಿವಾರ ರಜೆ, ಎಲ್ಲವೂ ಅದರಲ್ಲಿವೆ. ಆಗಸ್ಟ್ 31ಕ್ಕೆ ಸರ್ಕಾರ ಸಹಿ ಹಾಕಿತು. ಒಂದು ವರ್ಷದೊಳಗೆ ಸಾಲಿಡಾರಿಟಿಗೆ ಒಂದು ಕೋಟಿಯ ಹತ್ತಿರ ಜನ ಸೇರಿದರು. ಆ ಹಲಗೆಗಳನ್ನು ನಾನು ನೋಡಿದೆ. ಕೈಬರಹದ ಅಕ್ಷರಗಳು. ಯುನೆಸ್ಕೋ 2003ರಲ್ಲಿ ಅವುಗಳನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿದೆ.

ಸ್ಮಾರಕ ಕೂಡ ಮುಷ್ಕರದವರು ಕೇಳಿ ಪಡೆದದ್ದು. 1980ರ ಡಿಸೆಂಬರ್ 16ಕ್ಕೆ ನಿಲ್ಲಿಸಿದರು. ಒಂದು ವರ್ಷ ಆಗುವ ಮೊದಲೇ ಸೈನ್ಯದ ಆಡಳಿತ ಬಂತು, ಸಂಘ ಮುಚ್ಚಿಸಿದರು, ಜೈಲಿಗೆ ಹಾಕಿದರು. ಬದಲಾವಣೆಗೆ 1989ರ ಚುನಾವಣೆಯವರೆಗೆ ಕಾಯಬೇಕಾಯಿತು. ಅನ್ನಾ 2010ರಲ್ಲಿ ರಷ್ಯಾದ ಸ್ಮೊಲೆನ್‌ಸ್ಕ್ ಹತ್ತಿರ ಆದ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಹೊರಗೆ ಬಂದಾಗ ಗೇಟಿನ ಹತ್ತಿರ ಒಬ್ಬ ವಯಸ್ಸಾದವರು ಹೂವು ಇಡುತ್ತಿದ್ದರು. ನಮ್ಮನ್ನು ನೋಡಿ ಎಲ್ಲಿಯವರು ಅಂತ ಕೇಳಿದರು. ಮಗಳಿಗೆ ಪೋಲಿಷ್ ಅಷ್ಟಿಷ್ಟು ಬರುತ್ತದೆ. ಅವರು ಇಲ್ಲಿ ವೆಲ್ಡರ್ ಆಗಿದ್ದರಂತೆ. ನನ್ನ ಅಜ್ಜ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು ಅಂತ ಹೇಳು ಅಂದೆ. ಅವಳು ಹೇಳಿದಳು. ಅವರು ನನ್ನ ಕೈ ಹಿಡಿದು ಏನೋ ಅಂದರು. “ಹಾಗಾದರೆ ನೀವು ನಮ್ಮವರು ಅಂತಿದ್ದಾರೆ” ಅಂದಳು ಮಗಳು. ನನಗೆ ಮಾತು ಬರಲಿಲ್ಲ.

ಬಂದರಿನ ಬಾಯಲ್ಲಿರುವ ವೆಸ್ಟರ್‌ಪ್ಲಾಟೆಗೆ ದೋಣಿಯಲ್ಲಿ ಹೋಗಿಬಂದೆವು. 1939ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಎರಡನೇ ಮಹಾಯುದ್ಧದ ಮೊದಲ ಗುಂಡುಗಳು ಬಿದ್ದ ಜಾಗಗಳಲ್ಲಿ ಇದೂ ಒಂದು. ಸ್ನೇಹದ ಭೇಟಿ ಅಂತ ಹೇಳಿ ಬಂದು ನಿಂತಿದ್ದ ಜರ್ಮನ್ ಯುದ್ಧನೌಕೆ ಹತ್ತಿರದಿಂದಲೇ ಗುಂಡು ಹಾರಿಸಿತು. ಸುಮಾರು 200 ಪೋಲಿಷ್ ಸೈನಿಕರು ಏಳು ದಿನ ತಡೆದು ನಿಂತರು. ಈಗ ಅಲ್ಲಿ ಮರಗಳು, ಒಡೆದ ಬ್ಯಾರಕ್ಕು, ತುಂಬಾ ಶಾಂತಿ.

ಅಮ್ಮನಿಗೆ ಅಂತ ಮಾರಿಯಾತ್ಸ್ಕಾ ಬೀದಿಯಲ್ಲಿ ಒಂದು ಅಂಬರ್ ಮಣಿ ತಗೊಂಡೆ. ಸುಮಾರು ನಾಲ್ಕು ಕೋಟಿ ವರ್ಷದ ಹಿಂದಿನ ಮರದ ರಾಳ ಗಟ್ಟಿಯಾಗಿ ಆದದ್ದು. ಬಿರುಗಾಳಿ ಬಂದ ಮರುದಿನ ಇಲ್ಲಿನ ಮರಳಲ್ಲಿ ಸಿಗುತ್ತದೆ. ಅಸಲಿಯೋ ನಕಲಿಯೋ ಅಂತ ತಿಳಿಯಲು ಅಂಗಡಿಯಾಕೆ ಅದನ್ನು ಗಟ್ಟಿ ಉಪ್ಪುನೀರಿನ ಲೋಟಕ್ಕೆ ಹಾಕಿ ತೋರಿಸಿದರು. ಪ್ಲಾಸ್ಟಿಕ್ ಮಣಿ ಮುಳುಗಿತು, ಇದು ತೇಲಿತು.

ಮನೆಗೆ ಬಂದ ಮೇಲೆ ಅಮ್ಮನಿಗೆ ಅದನ್ನು ಕೊಟ್ಟೆ. ಅವರಿಗೆ 81. ಮಣಿಯನ್ನು ಸೆರಗಿಗೆ ತಿಕ್ಕಿ ಮೂಸಿ ನೋಡಿ, ಚೆನ್ನಾಗಿದೆ ಅಂತ ಡಬ್ಬಿಯಲ್ಲಿಟ್ಟರು. ಆಮೇಲೆ ಫೋನಿನಲ್ಲಿ ಫೋಟೋ ತೋರಿಸಿದೆ. ಚರ್ಚು, ಕಾರಂಜಿ ಎಲ್ಲ ಬೇಗ ಬೇಗ ದಾಟಿದರು. ಚಕ್ರದ ಫೋಟೋ ಬಂದಾಗ ನಿಲ್ಲಿಸಿದರು. ಒಳಗೆ ಮನುಷ್ಯರು ನಡೆಯುತ್ತಿದ್ದರು, 2 ಟನ್ ಎತ್ತುತ್ತಿದ್ದರು ಅಂತ ಹೇಳಿದೆ.

“2 ಟನ್ ಅಂದರೆ ಎಷ್ಟು ಮೂಟೆ?”

“ಕ್ವಿಂಟಲ್ ಮೂಟೆ ಆದರೆ ಇಪ್ಪತ್ತು.”

ಅಮ್ಮ ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು.

“ಅಪ್ಪ ಹತ್ತು ಗಂಟೆಯ ಗಂಜಿಗೆ ಬರುವ ಮೊದಲು ಅಷ್ಟು ಹೊತ್ತು ಮುಗಿಸಿರ್ತಿದ್ರು” ಅಂದರು. ಮತ್ತೆ ಕನ್ನಡಕ ಸರಿಮಾಡಿಕೊಂಡು, “ಆ ಚಕ್ರದ್ದು ಇನ್ನೊಮ್ಮೆ ತೋರಿಸು” ಅಂದರು.